ತೂಕ ಇಳಿಕೆಗೆ ಮಲೆನಾಡಿನ ಮನೆಯಡುಗೆ

ತೂಕ ಇಳಿಕೆಗೆ ಮಲೆನಾಡಿನ ಮನೆಯಡುಗೆ ಎಂಬುದು ಶಿವಮೊಗ್ಗ ಜಿಲ್ಲೆ ಮತ್ತು ಅದರ ಸುತ್ತಲಿನ ಪ್ರದೇಶಗಳಲ್ಲಿ ರೂಢಿಯಲ್ಲಿರುವ ಸಾಂಪ್ರದಾಯಿಕ ಅಡುಗೆಗಳಿಂದ, ಕಡಿಮೆ ಕ್ಯಾಲರಿಯುಳ್ಳ ಆದರೆ ಹೊಟ್ಟೆ ತುಂಬಿಸುವ ಪದಾರ್ಥಗಳನ್ನು ಆರಿಸಿಕೊಂಡು, ಅವುಗಳ ಪ್ರಮಾಣವನ್ನು ಹೆಚ್ಚಿಸಿ, ಅನ್ನ, ಎಣ್ಣೆ, ತೆಂಗಿನಕಾಯಿ ಮತ್ತು ಸಕ್ಕರೆಯ ಪ್ರಮಾಣವನ್ನು ತಗ್ಗಿಸಿ ದೇಹದ ತೂಕವನ್ನು ನಿಧಾನವಾಗಿ ಇಳಿಸುವ ಆಹಾರಕ್ರಮವಾಗಿದೆ. ಸಾರು, ಹುಳಿ, ತಂಬುಳಿ, ಕೋಸಂಬರಿ, ಪಲ್ಯ, ಸಾಸಿವೆ, ಮಜ್ಜಿಗೆ ಮೊದಲಾದವು ಇದರ ಮುಖ್ಯ ಅಂಗಗಳು. ಉಪವಾಸವಾಗಲಿ, ಪೊಟ್ಟಣದಲ್ಲಿ ಬರುವ ವಿಶೇಷ ಆಹಾರವಾಗಲಿ ಇದಕ್ಕೆ ಬೇಕಿಲ್ಲ. ಮನೆಮಂದಿಗೆಲ್ಲ ಮಾಡಿದ ಅಡುಗೆಯನ್ನೇ ಬೇರೆ ಅನುಪಾತದಲ್ಲಿ ಬಡಿಸಿಕೊಳ್ಳುವುದು ಇದರ ತಿರುಳು.

ಹಿನ್ನೆಲೆ

ಕುಂಸಿಯು ಶಿವಮೊಗ್ಗ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ಹೆದ್ದಾರಿಯಲ್ಲಿ, ಬಿರೂರು–ತಾಳಗುಪ್ಪ ರೈಲುಮಾರ್ಗದ ಮೇಲೆ ಇರುವ ಈ ಊರು ಬಯಲುಸೀಮೆಯ ಅಂಚು ಮುಗಿದು ಮಲೆನಾಡು ತೊಡಗುವ ನೆಲದಲ್ಲಿದೆ. ಆದುದರಿಂದ ಇಲ್ಲಿನ ಅಡುಗೆಮನೆಗಳಲ್ಲಿ ಎರಡೂ ಸೀಮೆಗಳ ಊಟ ಕಾಣಸಿಗುತ್ತದೆ. ಭದ್ರಾವತಿಯ ಕಡೆಗೆ ಸಾಗಿದಂತೆ ರಾಗಿಮುದ್ದೆ, ಬಸ್ಸಾರು ಹೆಚ್ಚು. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆಗೆ ಅನ್ನ, ಕಡುಬು, ತಂಬುಳಿ, ಸಾಸಿವೆ ಹೆಚ್ಚು.

ಈ ಸೀಮೆಯ ಊಟದಲ್ಲಿ ಅನ್ನದ ರಾಶಿಗೆ ಒಂದು ಕಾರಣವಿತ್ತು. ಗದ್ದೆಯ ಉಳುಮೆ, ನಾಟಿ, ಕೊಯ್ಲು, ತೋಟಕ್ಕೆ ಸೊಪ್ಪು ಹೊರುವುದು, ಅಡಕೆ ಕೊನೆ ಇಳಿಸುವುದು, ಒನಕೆಯಿಂದ ಭತ್ತ ಕುಟ್ಟುವುದು, ಬಾವಿಯಿಂದ ನೀರು ಸೇದುವುದು, ಇವೆಲ್ಲ ದಿನವಿಡೀ ಮೈ ಬಗ್ಗಿಸುವ ಕೆಲಸಗಳು. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದುಡಿದವರ ಊಟವೂ ಅಂಥದ್ದೇ ಆಗಿರಬೇಕಿತ್ತು. ಟಿಲ್ಲರು, ಕಟಾವು ಯಂತ್ರ, ಅಡಕೆ ಸುಲಿಯುವ ಯಂತ್ರ, ಮಿಕ್ಸಿ, ನಲ್ಲಿ, ದ್ವಿಚಕ್ರ ವಾಹನಗಳು ಬಂದ ಮೇಲೆ ಆ ದುಡಿಮೆಯ ಬಹುಪಾಲು ಇಲ್ಲವಾಯಿತು. ಬಡಿಸುವ ಸೌಟು ಮಾತ್ರ ಹಿಂದಿನ ಅಳತೆಯದೇ ಉಳಿಯಿತು. ನಿವೃತ್ತರ ಮನೆಗಳಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ: ಕೆಲಸ ನಿಂತರೂ ಊಟದ ಹೊತ್ತು ಮತ್ತು ಪ್ರಮಾಣ ನಿಲ್ಲುವುದಿಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಅಧಿಕ ತೂಕ ಅಥವಾ ಬೊಜ್ಜು ಉಳ್ಳ ಮಹಿಳೆಯರ ಪ್ರಮಾಣ 2015–16ರಲ್ಲಿ ಶೇಕಡಾ 23ರಷ್ಟಿದ್ದುದು 2019–21ರ ಹೊತ್ತಿಗೆ ಶೇಕಡಾ 30ಕ್ಕೆ ಏರಿತು. ಪುರುಷರಲ್ಲಿ ಇದು ಶೇಕಡಾ 22ರಿಂದ ಸುಮಾರು 31ಕ್ಕೆ ಏರಿತು. ಈ ಸಮೀಕ್ಷೆ ದೇಹದ ತೂಕ ಸೂಚ್ಯಂಕ 25 ಅಥವಾ ಅದಕ್ಕಿಂತ ಹೆಚ್ಚಿರುವವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಈ ಸೂಚ್ಯಂಕ ದೊರೆಯುತ್ತದೆ. ಭಾರತೀಯರಲ್ಲಿ ಕಡಿಮೆ ತೂಕದಲ್ಲಿಯೇ ಮಧುಮೇಹ ಮತ್ತು ಹೃದ್ರೋಗ ಕಾಣಿಸಿಕೊಳ್ಳುವುದರಿಂದ ಇಲ್ಲಿನ ವೈದ್ಯರು 23ನ್ನೇ ಎಚ್ಚರಿಕೆಯ ಗೆರೆಯಾಗಿ ಪರಿಗಣಿಸುತ್ತಾರೆ. 160 ಸೆಂಟಿಮೀಟರ್ ಎತ್ತರದವರಿಗೆ ಇದು ಸುಮಾರು 59 ಕಿಲೋ ತೂಕಕ್ಕೆ ಸಮ. ಸೊಂಟದ ಸುತ್ತಳತೆ ಪುರುಷರಲ್ಲಿ 90, ಮಹಿಳೆಯರಲ್ಲಿ 80 ಸೆಂಟಿಮೀಟರ್ ಮೀರಬಾರದು. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವ ದೇಹರಚನೆ ನಮ್ಮಲ್ಲಿ ಸಾಮಾನ್ಯವಾದ್ದರಿಂದ ಈ ಎರಡನೆಯ ಅಳತೆಯನ್ನು ಕಡೆಗಣಿಸುವಂತಿಲ್ಲ.

ಹೊಟ್ಟೆ ತುಂಬುವುದು ಮತ್ತು ಕ್ಯಾಲರಿ

ಆಹಾರದಲ್ಲಿರುವ ಶಕ್ತಿಯನ್ನು ಕಿಲೋಕ್ಯಾಲರಿಗಳಲ್ಲಿ ಅಳೆಯುತ್ತಾರೆ. ಆಡುಮಾತಿನಲ್ಲಿ ಇದನ್ನೇ ಕ್ಯಾಲರಿ ಎನ್ನುವ ರೂಢಿಯಿದ್ದು, ಈ ಲೇಖನದಲ್ಲಿಯೂ ಅದನ್ನೇ ಅನುಸರಿಸಲಾಗಿದೆ. ಒಂದು ಗ್ರಾಂ ಪಿಷ್ಟ ಅಥವಾ ಸಕ್ಕರೆಯಲ್ಲಿ 4, ಒಂದು ಗ್ರಾಂ ಪ್ರೋಟೀನಿನಲ್ಲಿ 4, ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲರಿ ಇರುತ್ತದೆ. ನಾರಿನಿಂದ ದೊರೆಯುವುದು ಇದಕ್ಕಿಂತ ಬಹಳ ಕಡಿಮೆ, ನೀರಿನಿಂದ ಏನೂ ಇಲ್ಲ. ವ್ಯಯವಾಗುವುದಕ್ಕಿಂತ ಕಡಿಮೆ ಶಕ್ತಿ ಒಳಗೆ ಹೋದಾಗ ದೇಹವು ಕೂಡಿಟ್ಟ ಕೊಬ್ಬನ್ನು ಕರಗಿಸುತ್ತದೆ. ಇಷ್ಟು ಎಲ್ಲರಿಗೂ ತಿಳಿದ ಸಂಗತಿ. ತೊಡಕಿರುವುದು ಹಸಿವಿನಲ್ಲಿ. ಅರೆಹೊಟ್ಟೆಯಲ್ಲಿ ಎದ್ದವನು ಸಂಜೆ ನಾಲ್ಕಕ್ಕೆ ಚಕ್ಕುಲಿ ಡಬ್ಬಿಯ ಮುಚ್ಚಳ ತೆಗೆಯುತ್ತಾನೆ.

ಹೊಟ್ಟೆ ತುಂಬಿದ ಭಾವನೆ ಕ್ಯಾಲರಿಯನ್ನಷ್ಟೇ ಅವಲಂಬಿಸಿಲ್ಲ. ಆಹಾರದ ಗಾತ್ರ, ಅದರಲ್ಲಿರುವ ನೀರು, ನಾರು ಮತ್ತು ಪ್ರೋಟೀನು, ಅಗಿಯಲು ಹಿಡಿಯುವ ಸಮಯ ಇವೆಲ್ಲ ಅದನ್ನು ನಿರ್ಧರಿಸುತ್ತವೆ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಪ್ರಯೋಗ ಈ ದೃಷ್ಟಿಯಿಂದ ಕುತೂಹಲಕರವಾದುದು. ಊಟಕ್ಕೆ ಮೊದಲು ಒಂದೇ ಪದಾರ್ಥವನ್ನು ಒಮ್ಮೆ ಗಟ್ಟಿಯಾಗಿ, ಒಮ್ಮೆ ಗಟ್ಟಿಯಾದುದರ ಜೊತೆಗೆ ಒಂದು ಲೋಟ ನೀರು ಕೊಟ್ಟು, ಇನ್ನೊಮ್ಮೆ ಅಷ್ಟೇ ನೀರನ್ನು ಪದಾರ್ಥದೊಳಗೇ ಬೇಯಿಸಿ ಸೂಪಿನ ರೂಪದಲ್ಲಿ ಕೊಡಲಾಯಿತು. ಸೂಪು ಕುಡಿದ ದಿನ ಮುಂದಿನ ಊಟ ಎದ್ದು ಕಾಣುವಷ್ಟು ಕಡಿಮೆಯಾಯಿತು. ಬೇರೆಯಾಗಿ ಕುಡಿದ ನೀರಿನಿಂದ ಆ ಪರಿಣಾಮ ಉಂಟಾಗಲಿಲ್ಲ. 2007ರ ಮತ್ತೊಂದು ಪ್ರಯೋಗದಲ್ಲಿ, ಊಟದ ಆರಂಭದಲ್ಲಿ ತೆಳುವಾದ ತರಕಾರಿ ಸೂಪು ಸೇವಿಸಿದವರು ಸೂಪಿನ ಕ್ಯಾಲರಿಯನ್ನು ಸೇರಿಸಿದರೂ ಒಟ್ಟಿನಲ್ಲಿ ಶೇಕಡಾ 20ರಷ್ಟು ಕಡಿಮೆ ಶಕ್ತಿಯನ್ನು ಸೇವಿಸಿದ್ದು ಕಂಡುಬಂದಿತು. ನೀರಿನೊಳಗೆ ಬೆಂದ ತರಕಾರಿ, ಬೇಳೆ, ಸೊಪ್ಪು ಎಂದರೆ ನಮ್ಮ ಸಾರು ಮತ್ತು ಹುಳಿಯೇ ಆಗಿದೆ.

ಇದೇ ತತ್ತ್ವವನ್ನು ಶಕ್ತಿಸಾಂದ್ರತೆ ಎಂದು ಕರೆಯುತ್ತಾರೆ, ಅಂದರೆ ನೂರು ಗ್ರಾಂ ಆಹಾರದಲ್ಲಿರುವ ಕ್ಯಾಲರಿ. ಸೌತೆಕಾಯಿ, ಬೂದುಗುಂಬಳಗಳಲ್ಲಿ ಇದು 20ರೊಳಗೆ, ತರಕಾರಿ ಹೆಚ್ಚಿರುವ ಹುಳಿಯಲ್ಲಿ 60ರಿಂದ 80, ಅನ್ನದಲ್ಲಿ ಸುಮಾರು 130, ಹಸಿ ತೆಂಗಿನಕಾಯಿಯಲ್ಲಿ 350ರಿಂದ 400, ಕರಿದ ತಿಂಡಿಗಳಲ್ಲಿ 500ರ ಆಸುಪಾಸು, ಎಣ್ಣೆಯಲ್ಲಿ 900.

ಮನೆಯಲ್ಲಿ ಬೇಯಿಸಿದ ಊಟಕ್ಕೂ ಕಾರ್ಖಾನೆಯ ಸಿದ್ಧ ಆಹಾರಕ್ಕೂ ಇರುವ ಅಂತರವನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ನೇತೃತ್ವದ ಅಧ್ಯಯನ 2019ರಲ್ಲಿ ಅಳೆಯಿತು. ಇಪ್ಪತ್ತು ಮಂದಿಗೆ ಎರಡು ವಾರ ಅತಿಸಂಸ್ಕರಿತ ಆಹಾರ, ಎರಡು ವಾರ ಸಂಸ್ಕರಿಸದ ಆಹಾರ ಬಡಿಸಲಾಯಿತು. ಎರಡರಲ್ಲಿಯೂ ಎದುರಿಗಿಟ್ಟ ಸಕ್ಕರೆ, ಕೊಬ್ಬು, ನಾರಿನ ಪ್ರಮಾಣ ಸಮಾನವಾಗಿದ್ದು, ಬೇಕಾದಷ್ಟು ತಿನ್ನಲು ಸ್ವಾತಂತ್ರ್ಯವಿತ್ತು. ಅತಿಸಂಸ್ಕರಿತ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚಾಗಿ ಸೇವಿಸಿದರು.

ಸಾಂಪ್ರದಾಯಿಕ ಅಡುಗೆಗಳು

ಕನ್ನಡ ನಾಡಿನಲ್ಲಿ ಅಡುಗೆಯನ್ನು ಶಾಸ್ತ್ರವಾಗಿ ಬರೆದಿಡುವ ಪರಂಪರೆ ಹಳೆಯದು. ಇಮ್ಮಡಿ ಚಾವುಂಡರಾಯನು 1025ರಲ್ಲಿ ರಚಿಸಿದ 'ಲೋಕೋಪಕಾರ'ದಲ್ಲಿ ಅಡುಗೆಗೆ ಒಂದು ಅಧ್ಯಾಯ ಮೀಸಲಾಗಿದೆ. ಮುಮ್ಮಡಿ ಮಂಗರಸನ 'ಸೂಪಶಾಸ್ತ್ರ' 1508ರ ಕೃತಿ. ಬದನೆ, ಬಾಳೆ, ಹಲಸು, ಕಳಲೆಗಳ ಅಡುಗೆಗಳು ಅದರಲ್ಲಿ ಬರುತ್ತವೆ. ಸಾಗರದ ಬಳಿಯ ಕೆಳದಿಯ ಅರಸ ಬಸವಪ್ಪ ನಾಯಕನು ಹದಿನೆಂಟನೆಯ ಶತಮಾನದ ಆರಂಭದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಶಿವತತ್ತ್ವರತ್ನಾಕರ'ವೆಂಬ ವಿಶ್ವಕೋಶದಲ್ಲಿಯೂ ಪಾಕಶಾಸ್ತ್ರದ ವಿವರಗಳಿವೆ. ಇವು ರಾಜರ ಹಾಗೂ ಉಳ್ಳವರ ಊಟವನ್ನು ಕಣ್ಣಮುಂದಿಟ್ಟುಕೊಂಡು ಬರೆದವು, ತೂಕ ಇಳಿಸುವ ಚಿಂತೆ ಅವುಗಳಿಗಿಲ್ಲ. ಇಲ್ಲಿ ಪ್ರಸ್ತುತವಾಗುವುದು ಬಡವರ ಮನೆಯ ಮಳೆಗಾಲದ ಅಡುಗೆ.

ತಂಬುಳಿ ಅವುಗಳಲ್ಲಿ ಮೊದಲನೆಯದು. ತಂಪು ಮತ್ತು ಹುಳಿ ಎಂಬ ಎರಡು ಪದಗಳಿಂದ ಇದರ ಹೆಸರು ಬಂದಿದೆ. ಒಂದೆಲಗ, ದೊಡ್ಡಪತ್ರೆ, ನೆಲ್ಲಿ, ದಾಳಿಂಬೆ ಸಿಪ್ಪೆ, ಮೆಂತ್ಯ, ಶುಂಠಿ, ಕರಿಬೇವಿನ ಚಿಗುರು, ಹೀಗೆ ಹಿತ್ತಿಲಲ್ಲಿ ದೊರೆತ ಯಾವುದೇ ಸೊಪ್ಪನ್ನು ಅಥವಾ ಪದಾರ್ಥವನ್ನು ಜೀರಿಗೆ, ಕಾಳುಮೆಣಸಿನೊಂದಿಗೆ ತುಸು ಬಾಡಿಸಿ, ಸ್ವಲ್ಪ ತೆಂಗಿನತುರಿ ಸೇರಿಸಿ ರುಬ್ಬಿ, ಮಜ್ಜಿಗೆಯಲ್ಲಿ ಕದಡಿದರೆ ತಂಬುಳಿ ಸಿದ್ಧವಾಗುತ್ತದೆ. ಬೆಣ್ಣೆ ತೆಗೆದ ಮಜ್ಜಿಗೆ ಮತ್ತು ಒಂದು ಚಮಚ ತೆಂಗಿನತುರಿ ಬಳಸಿದರೆ ಒಂದು ಬಟ್ಟಲಿಗೆ 60–80 ಕ್ಯಾಲರಿ ಮೀರುವುದಿಲ್ಲ. ಅನ್ನಕ್ಕೆ ಮೊದಲು ಕಲಸಿಕೊಳ್ಳುವುದು ವಾಡಿಕೆ. ತೂಕ ಇಳಿಸುವವರು ಅರ್ಧವನ್ನು ಅನ್ನವಿಲ್ಲದೆ ಹಾಗೆಯೇ ಕುಡಿಯುವುದು ಲೇಸು. ಮಾವಿನಕಾಯಿಯನ್ನು ಬೇಯಿಸಿ ಕಿವುಚಿ, ನೀರು ಬೆರೆಸಿ, ಇಂಗಿನ ಒಗ್ಗರಣೆ ಕೊಟ್ಟ ಅಪ್ಪೆಹುಳಿಯಲ್ಲಿ ತೆಂಗಿನಕಾಯಿಯೂ ಇಲ್ಲ, ಬೇಳೆಯೂ ಇಲ್ಲ. ಬೆಲ್ಲವನ್ನು ಹಿಡಿತದಲ್ಲಿಟ್ಟರೆ ಇದಕ್ಕಿಂತ ಹಗುರಾದ ಪೇಯ ಮಲೆನಾಡಿನಲ್ಲಿ ಮತ್ತೊಂದಿಲ್ಲ.

ಹುಳಿಯ ವಿಷಯದಲ್ಲಿ ಎಚ್ಚರ ಬೇಕು. ಒಂದು ಹೋಳು ತೆಂಗಿನಕಾಯಿ ರುಬ್ಬಿ ಹಾಕಿದ ಹುಳಿಗೂ ತೆಂಗಿನಕಾಯಿ ಇಲ್ಲದ ಬೋಳು ಹುಳಿಗೂ ಕ್ಯಾಲರಿಯಲ್ಲಿ ಬಹಳ ಅಂತರವಿದೆ. ತೆಂಗಿನಕಾಯಿ ಪೂರ್ತಿ ಬಿಟ್ಟರೆ ಮಲೆನಾಡಿನ ನಾಲಗೆ ಒಪ್ಪುವುದು ಕಷ್ಟ. ಬದಲಿಗೆ ತುರಿಯನ್ನು ಕಾಲು ಭಾಗಕ್ಕೆ ಇಳಿಸಿ, ಹುರಿದ ಕೊತ್ತಂಬರಿ, ಉದ್ದಿನಬೇಳೆಯೊಂದಿಗೆ ಬೆಂದ ತರಕಾರಿಯ ಎರಡು ಹೋಳುಗಳನ್ನೇ ಸೇರಿಸಿ ರುಬ್ಬಿದರೆ ಹುಳಿ ಮಂದವಾಗಿಯೇ ಇರುತ್ತದೆ. ಬೂದುಗುಂಬಳ, ಮೊಗೆಕಾಯಿ, ಬಸಳೆ, ಹರಿವೆ, ಬಾಳೆದಿಂಡು, ಪಡುವಲ, ಹೀರೆ ಇವುಗಳ ಹೋಳುಗಳನ್ನು ಎಷ್ಟು ಹಾಕಿದರೂ ಕ್ಯಾಲರಿ ಹೆಚ್ಚದು. ಸೌಟಿನಲ್ಲಿ ರಸಕ್ಕಿಂತ ಹೋಳೇ ಹೆಚ್ಚಾಗಿ ಬರುವಂತೆ ಮಾಡುವುದು ಈ ಕ್ರಮದ ಒಂದು ನಿಯಮ.

ಕೋಸಂಬರಿಯು ಹಬ್ಬದ ಎಲೆಯ ತುದಿಯಲ್ಲಿ ಒಂದು ಚಮಚ ಬಡಿಸುವ ಪದಾರ್ಥವಾಗಿ ಉಳಿದಿರುವುದು ವಿಷಾದನೀಯ. ನೆನೆದ ಹೆಸರುಬೇಳೆ, ಸೌತೆ, ಕ್ಯಾರೆಟ್, ನಿಂಬೆರಸ ಕೂಡಿದ ಅದು ದಿನನಿತ್ಯದ ಬಟ್ಟಲಿಗೆ ತಕ್ಕದ್ದು. ಮೊಳಕೆ ಬಂದ ಹೆಸರುಕಾಳು, ಹುರುಳಿಕಾಳುಗಳ ಪಲ್ಯ ಮತ್ತು ಸಾರು ಕೂಡ ಹಾಗೆಯೇ. ಹುರುಳಿಯಲ್ಲಿ ನೂರು ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನಿದೆ. ಬಯಲುಸೀಮೆಯ ಬಸ್ಸಾರಿನಲ್ಲಿ ಸೊಪ್ಪು ಮತ್ತು ಕಾಳನ್ನು ಬೇಯಿಸಿ, ಬಸಿದ ಕಟ್ಟಿನಿಂದ ಸಾರು ಮಾಡಿ, ಉಳಿದುದನ್ನು ಪಲ್ಯ ಮಾಡುತ್ತಾರೆ. ಒಂದೇ ಪಾತ್ರೆಯಿಂದ ನೀರು, ನಾರು, ಪ್ರೋಟೀನು ಮೂರೂ ದೊರೆಯುವ ಇಂತಹ ಅಡುಗೆಯನ್ನು ಯಾವ ಪಥ್ಯತಜ್ಞರೂ ಸುಲಭವಾಗಿ ಸುಧಾರಿಸಲಾರರು.

ಮಳೆಗಾಲದಲ್ಲಿ ದೊರೆಯುವ ಕಳಲೆ, ಅಂದರೆ ಎಳೆಬಿದಿರು, ನೂರು ಗ್ರಾಂಗೆ 30ಕ್ಕಿಂತ ಕಡಿಮೆ ಕ್ಯಾಲರಿಯುಳ್ಳ, ನಾರಿನಿಂದ ಕೂಡಿದ ಆಹಾರ. ಹಸಿ ಕಳಲೆಯಲ್ಲಿ ಸಯನೈಡು ಬಿಡುಗಡೆ ಮಾಡುವ ವಸ್ತುವಿರುವುದರಿಂದ ಅದನ್ನು ತೆಳುವಾಗಿ ಹೆಚ್ಚಿ, ನೀರಿನಲ್ಲಿ ನೆನೆಹಾಕಿ, ದಿನವೂ ನೀರು ಬದಲಿಸಿ, ಬೇಯಿಸಿದ ನೀರನ್ನು ಚೆಲ್ಲಿಯೇ ಬಳಸಬೇಕು. ಹಿರಿಯರು ರೂಢಿಸಿಕೊಂಡ ಈ ಕ್ರಮವನ್ನು ಅವಸರದ ಅಡುಗೆಯಲ್ಲಿ ಬಿಡಬಾರದು. ಕೆಸುವಿನ ಎಲೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳು ಗಂಟಲು ತುರಿಸುವಂತೆ ಮಾಡುತ್ತವೆ. ಚೆನ್ನಾಗಿ ಬೇಯಿಸುವುದು ಮತ್ತು ಹುಣಸೆಹುಳಿ ಸೇರಿಸುವುದು ಇದಕ್ಕಾಗಿ. ಹಬೆಯಲ್ಲಿ ಬೆಂದ ಪತ್ರೊಡೆ ಹಗುರ, ಅದನ್ನೇ ಹೆಚ್ಚಿ ಎಣ್ಣೆಯಲ್ಲಿ ಹುರಿದರೆ ಲೆಕ್ಕ ಬೇರೆ.

ಅಕ್ಕಿಯ ತಿಂಡಿಗಳಲ್ಲಿಯೂ ಇಂಥ ಭೇದವಿದೆ. ಕಡುಬು ಹಬೆಯಲ್ಲಿ ಬೇಯುತ್ತದೆ, ಎಣ್ಣೆ ಬೇಡ. ಹಿಟ್ಟನ್ನು ಕುದಿನೀರಿನಲ್ಲಿ ಬೇಯಿಸಿ ಲಟ್ಟಿಸಿ, ಕೆಂಡದ ಮೇಲೆ ಉಬ್ಬಿಸುವ ಮಲೆನಾಡಿನ ಅಕ್ಕಿರೊಟ್ಟಿಗೂ ಎಣ್ಣೆ ಬೇಡ. ಕಾವಲಿಯ ಮೇಲೆ ತಟ್ಟಿ ಸುತ್ತಲೂ ಎಣ್ಣೆ ಬಿಡುವ ರೊಟ್ಟಿಯಲ್ಲಿ ಎರಡು ಚಮಚ ಎಣ್ಣೆಯಿಂದಲೇ 80–90 ಕ್ಯಾಲರಿ ಕೂಡುತ್ತದೆ. ಮಾಂಸಾಹಾರಿಗಳ ಮನೆಗಳಲ್ಲಿ ತುಂಗಾ, ಭದ್ರಾ ಹೊಳೆಗಳ ಮೀನಿನ ಸಾರು ಒಳ್ಳೆಯ ಪ್ರೋಟೀನು ಮೂಲ. ಕೋಳಿ ಸಾರಿನಲ್ಲಿ ಚರ್ಮ ತೆಗೆದು, ಮೇಲೆ ತೇಲುವ ಜಿಡ್ಡನ್ನು ಸೌಟಿನಿಂದ ತೆಗೆದರೆ ಸಾಕು. ಬೇಯಿಸಿದ ಒಂದು ಮೊಟ್ಟೆಯಲ್ಲಿ ಸುಮಾರು 75 ಕ್ಯಾಲರಿ ಮತ್ತು 6 ಗ್ರಾಂ ಪ್ರೋಟೀನಿದೆ.

ಒಂದು ಮಧ್ಯಾಹ್ನದ ಊಟದ ಲೆಕ್ಕ

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಭಾರತೀಯರಿಗಾಗಿ ಆಹಾರ ಮಾರ್ಗಸೂಚಿಯು 2000 ಕ್ಯಾಲರಿಯ ಒಂದು ದಿನದ ಊಟಕ್ಕೆ ಧಾನ್ಯಗಳನ್ನು 250 ಗ್ರಾಂಗೆ ಸೀಮಿತಗೊಳಿಸಿ, ಸೊಪ್ಪು ತರಕಾರಿಗಳನ್ನು 400 ಗ್ರಾಂಗೆ ಏರಿಸುತ್ತದೆ. ಬೇಳೆಕಾಳು 85 ಗ್ರಾಂ, ಎಣ್ಣೆ 27 ಗ್ರಾಂ. ಇವು ಬೇಯಿಸುವ ಮೊದಲಿನ ತೂಕಗಳು. ನಮ್ಮ ಬಹುತೇಕ ಮನೆಗಳಲ್ಲಿ ಧಾನ್ಯವು ಈ ಅಳತೆಯನ್ನು ಮೀರುತ್ತದೆ, ತರಕಾರಿ ಅರ್ಧಕ್ಕೂ ಬರುವುದಿಲ್ಲ.

ಉದಾಹರಣೆಗೆ ವಾಡಿಕೆಯ ಒಂದು ತಟ್ಟೆಯನ್ನು ನೋಡಬಹುದು. ಅನ್ನ 400 ಗ್ರಾಂ (520 ಕ್ಯಾಲರಿ), ತೆಂಗಿನಕಾಯಿ ಹಾಕಿದ ಹುಳಿ ಒಂದು ಸೌಟು (190), ಎಣ್ಣೆ, ತೆಂಗಿನತುರಿ ಧಾರಾಳವಾಗಿರುವ ಪಲ್ಯ ಸ್ವಲ್ಪ (160), ಕರಿದ ಹಪ್ಪಳ ಎರಡು (100), ತುಪ್ಪ ಒಂದು ಚಮಚ (45), ಮೊಸರು 100 ಗ್ರಾಂ (60). ಒಟ್ಟು ಸುಮಾರು 1075 ಕ್ಯಾಲರಿ. ತಟ್ಟೆಯಲ್ಲಿರುವ ಆಹಾರದ ತೂಕ ಮುಕ್ಕಾಲು ಕಿಲೋ.

ಅದೇ ಮನೆಯ, ಅದೇ ಪಾತ್ರೆಗಳ ಅಡುಗೆಯನ್ನು ಹೀಗೆ ಬಡಿಸಿಕೊಳ್ಳಬಹುದು. ಮೊದಲು ಒಂದು ಬಟ್ಟಲು ತಿಳಿಸಾರು (40), ಒಂದು ಬಟ್ಟಲು ಸೌತೆ–ಹೆಸರುಬೇಳೆ ಕೋಸಂಬರಿ (65). ಅನಂತರ ಅನ್ನ 200 ಗ್ರಾಂ (260), ಹೋಳು ಮತ್ತು ಬೇಳೆ ಹೆಚ್ಚಿರುವ, ತೆಂಗಿನಕಾಯಿ ಕಡಿಮೆಯಿರುವ ಹುಳಿ ಒಂದು ದೊಡ್ಡ ಬಟ್ಟಲು (185), ಪಲ್ಯ 150 ಗ್ರಾಂ (85), ಸುಟ್ಟ ಹಪ್ಪಳ ಒಂದು (35), ಕೊನೆಗೆ ಒಂದು ಲೋಟ ಮಜ್ಜಿಗೆ (40). ಒಟ್ಟು 710 ಕ್ಯಾಲರಿ. ಹೊಟ್ಟೆಗೆ ಹೋದ ಆಹಾರ ಒಂದು ಕಿಲೋ. ಅಂದರೆ ಆಹಾರ ಹೆಚ್ಚಾಯಿತು, ಕ್ಯಾಲರಿ 365ರಷ್ಟು ಕಡಿಮೆಯಾಯಿತು. ಈ ಅಂಕಿಗಳು ಆಹಾರ ಕೋಷ್ಟಕಗಳ ಸರಾಸರಿಯಿಂದ ಮಾಡಿದ ಅಂದಾಜು. ಮನೆಯಿಂದ ಮನೆಗೆ ಹತ್ತಿಪ್ಪತ್ತು ಹೆಚ್ಚು ಕಡಿಮೆ ಆಗುವುದು ಸಹಜ.

ತಟ್ಟೆಯ ಹೊರಗೆ ಸೇರುವುದನ್ನೂ ಎಣಿಸಬೇಕಾಗುತ್ತದೆ. ಒಂದು ಲೋಟ ಕಾಫಿಗೆ ಎರಡು ಚಮಚ ಸಕ್ಕರೆ ಎಂದರೆ 40 ಕ್ಯಾಲರಿ, ಹಾಲಿನಿಂದ ಇನ್ನಷ್ಟು. ಮಲೆನಾಡಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಐದು ಲೋಟ ಕಾಫಿ ಅಸಾಧಾರಣವೇನಲ್ಲ. ಅಲ್ಲಿಗೆ ಒಂದು ಹೊತ್ತಿನ ಊಟದ ಅರ್ಧಕ್ಕಿಂತ ಹೆಚ್ಚು ಕ್ಯಾಲರಿ ಲೋಟದಲ್ಲಿಯೇ ಒಳಸೇರಿತು. ಎಣ್ಣೆಯನ್ನು ಸೀಸೆಯಿಂದ ನೇರವಾಗಿ ಸುರಿಯುವ ಬದಲು ಚಮಚದಿಂದ ಅಳೆಯಬೇಕು. ತಲೆಗೆ ದಿನಕ್ಕೆ 20 ಗ್ರಾಂನಂತೆ ಲೆಕ್ಕ ಹಾಕಿದರೆ ನಾಲ್ಕು ಜನರ ಮನೆಗೆ ತಿಂಗಳಿಗೆ ಎರಡೂವರೆ ಲೀಟರಿಗಿಂತ ತುಸು ಹೆಚ್ಚು ಬರುತ್ತದೆ. ಕಿರಾಣಿ ಚೀಟಿಯಲ್ಲಿ ಐದು ಲೀಟರ್ ಇದ್ದರೆ ಉಳಿದ ಲೆಕ್ಕ ಹಾಕುವ ಅಗತ್ಯವೇ ಇಲ್ಲ.

ಮನೆಯೊಳಗಿನ ತೊಡಕುಗಳು

ಬಡಿಸುವಾಗಿನ ಒತ್ತಾಯ ನಮ್ಮಲ್ಲಿ ಆದರದ ಲಕ್ಷಣ. "ಇನ್ನೊಂದೇ ಸೌಟು" ಎಂಬ ಮಾತಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದರೂ ಪ್ರಯೋಜನವಿಲ್ಲದ ಮನೆಗಳುಂಟು. ಮಜ್ಜಿಗೆ ಅನ್ನಕ್ಕಾಗಿ ಮೊದಲೇ ಸ್ಥಳ ಉಳಿಸಿಕೊಂಡು, ಬೇಕಾದುದನ್ನು, ಅಂದರೆ ಪಲ್ಯ, ಸಾರುಗಳನ್ನು, ತಾವಾಗಿಯೇ ಮತ್ತೆ ಕೇಳಿ ಹಾಕಿಸಿಕೊಂಡರೆ ಬಡಿಸುವವರಿಗೂ ಸಮಾಧಾನವಾಗುತ್ತದೆ.

ಇದಕ್ಕಿಂತ ಗಂಭೀರವಾದುದು ಅಡುಗೆ ಮಾಡುವವರ ಊಟ. ಬಹಳಷ್ಟು ಮನೆಗಳಲ್ಲಿ ಗೃಹಿಣಿ ಎಲ್ಲರ ಊಟವಾದ ಮೇಲೆ, ಮೂರು ಗಂಟೆಯ ಹೊತ್ತಿಗೆ, ಹಸಿದು ಕುಳಿತುಕೊಳ್ಳುತ್ತಾಳೆ. ಆ ಹೊತ್ತಿಗೆ ಪಲ್ಯ, ಕೋಸಂಬರಿ ಖಾಲಿಯಾಗಿ ಅನ್ನ ಮತ್ತು ಹುಳಿಯ ತಳ ಉಳಿದಿರುತ್ತದೆ. ಚೆಲ್ಲಬಾರದೆಂದು ಮಿಕ್ಕಿದ್ದನ್ನೂ ತಾನೇ ಮುಗಿಸುತ್ತಾಳೆ. ಹೆಂಗಸರ ತೂಕ ಏರುತ್ತಿರುವುದಕ್ಕೆ ಅವರ ನಾಲಗೆಯ ಚಪಲವನ್ನು ದೂರುವವರು ಈ ಸಂಗತಿಯನ್ನು ಗಮನಿಸಬೇಕು. ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವುದು, ಅಡುಗೆಗೆ ಮುನ್ನ ಅಕ್ಕಿಯನ್ನು ಅಳೆದು ಹಾಕುವುದು, ಉಳಿದ ಅನ್ನವನ್ನು ತಣ್ಣಗಿಟ್ಟು ಮರುದಿನದ ಚಿತ್ರಾನ್ನದ ಲೆಕ್ಕಕ್ಕೆ ಸೇರಿಸುವುದು ಇದಕ್ಕೆ ಪರಿಹಾರ. ಒಬ್ಬರಿಗೆ ಮಾತ್ರ ಬೇರೆ ಪಥ್ಯದಡುಗೆ ಮಾಡುವ ಏರ್ಪಾಡು ಹೆಚ್ಚು ದಿನ ನಡೆಯುವುದಿಲ್ಲ.

ತಪ್ಪು ತಿಳುವಳಿಕೆಗಳು

ರಾಗಿ ತಿಂದರೆ ತೂಕ ಇಳಿಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 320, ಅಕ್ಕಿಯಲ್ಲಿ ಸುಮಾರು 350 ಕ್ಯಾಲರಿ ಇರುತ್ತದೆ, ಅಂತರ ಅಲ್ಪವೇ. ರಾಗಿಯ ಹಿರಿಮೆ ಅದರ ನಾರು ಮತ್ತು ಕ್ಯಾಲ್ಸಿಯಂನಲ್ಲಿದೆ. ಒಂದು ಮುದ್ದೆ ಉಂಡವರು ಹೆಚ್ಚು ಹೊತ್ತು ಹಸಿಯದಿರುವುದು ನಿಜ, ಎರಡು ಮುದ್ದೆಯ ಮೇಲೆ ಅನ್ನವನ್ನೂ ಉಂಡರೆ ಆ ಲಾಭ ಉಳಿಯದು. ಬೆಲ್ಲವು ಸಕ್ಕರೆಗಿಂತ ಹಗುರವೆಂಬುದೂ ಹಾಗೆಯೇ. ಕ್ಯಾಲರಿಯಲ್ಲಿ ಎರಡೂ ಹೆಚ್ಚು ಕಡಿಮೆ ಒಂದೇ. ಬೆಳಿಗ್ಗೆ ಬಿಸಿನೀರಿಗೆ ನಿಂಬೆ, ಜೇನು ಹಾಕಿ ಕುಡಿದರೆ ಕೊಬ್ಬು ಕರಗುವುದಿಲ್ಲ, ಒಂದು ಚಮಚ ಜೇನಿನ 20 ಕ್ಯಾಲರಿ ಮಾತ್ರ ಸೇರುತ್ತದೆ. ಆಲೂಗಡ್ಡೆಯ ಮೇಲಿನ ಅಪವಾದ ಅದಕ್ಕೆ ತಕ್ಕುದಲ್ಲ. ಸಿಡ್ನಿ ವಿಶ್ವವಿದ್ಯಾಲಯದ ಸೂಸನ್ನಾ ಹೋಲ್ಟ್ ಮತ್ತು ಸಂಗಡಿಗರು 1995ರಲ್ಲಿ 38 ಆಹಾರಗಳನ್ನು ಸಮಾನ ಕ್ಯಾಲರಿಯಲ್ಲಿ ಕೊಟ್ಟು ಹೊಟ್ಟೆ ತುಂಬಿದ ಭಾವನೆಯನ್ನು ಅಳೆದಾಗ ಬೇಯಿಸಿದ ಆಲೂಗಡ್ಡೆಯೇ ಮೊದಲ ಸ್ಥಾನ ಪಡೆಯಿತು. ಬಿಳಿ ಬ್ರೆಡ್ಡಿಗೆ 100 ಅಂಕವಾದರೆ ಅದಕ್ಕೆ 323. ದೋಷ ಇರುವುದು ಬೋಂಡದ ಬಾಣಲೆಯಲ್ಲಿ.

ಉಪ್ಪಗೆಯ ಕಥೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ಅದು ಈ ನೆಲದ್ದೇ. ಪಶ್ಚಿಮ ಘಟ್ಟದ ಕಾಡಿನಲ್ಲಿ ಬೆಳೆಯುವ ಗಾರ್ಸಿನಿಯಾ ಗುಮ್ಮಿಗುಟ್ಟ ಎಂಬ ಮರವೇ ಉಪ್ಪಗೆ. ಇದರ ಹಳೆಯ ಶಾಸ್ತ್ರೀಯ ಹೆಸರು ಗಾರ್ಸಿನಿಯಾ ಕಾಂಬೋಜಿಯಾ. ಒಣಗಿಸಿದ ಇದರ ಸಿಪ್ಪೆಯನ್ನು ಹುಳಿಗಾಗಿಯೂ, ಬೀಜದಿಂದ ತೆಗೆದ ತುಪ್ಪವನ್ನು ಅಡುಗೆಗೂ ಮಲೆನಾಡಿನವರು ಬಳಸುತ್ತ ಬಂದಿದ್ದಾರೆ. ಈ ಸಿಪ್ಪೆಯ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂಬುದನ್ನು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್ 1965ರಲ್ಲಿ ಪ್ರಕಟಿಸಿದರು. ಇದು ದೇಹದಲ್ಲಿ ಕೊಬ್ಬು ತಯಾರಾಗುವ ಒಂದು ಕಿಣ್ವವನ್ನು ತಡೆಯುತ್ತದೆ ಎಂದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡುದರಿಂದ, ಅದರ ಸಾರವು ತೂಕ ಇಳಿಸುವ ಗುಳಿಗೆಯಾಗಿ ಜಗತ್ತಿನ ಮಾರುಕಟ್ಟೆಗೆ ಬಂದಿತು. ಸಿಪ್ಪೆಗೆ ಬೇಡಿಕೆ ಏರಿದಾಗ ಕಾಯಿ ಬಲಿಯುವ ಮೊದಲೇ ಕೊಯ್ಯುವುದು, ಕೊಂಬೆ ಕಡಿಯುವುದು, ಒಣಗಿಸಲು ಸೌದೆ ಉರಿಸುವುದು ನಡೆದು ಕಾಡಿಗೂ ಹಾನಿಯಾಯಿತು.

ಆ ಗುಳಿಗೆಯ ಪ್ರಯೋಜನವನ್ನು ನ್ಯೂಯಾರ್ಕಿನ ಸ್ಟೀವನ್ ಹೇಮ್ಸ್‌ಫೀಲ್ಡ್ ಮತ್ತು ಸಂಗಡಿಗರು 135 ಜನರ ಮೇಲೆ 12 ವಾರ ಪರೀಕ್ಷಿಸಿ 1998ರಲ್ಲಿ ವರದಿ ಮಾಡಿದರು. ಅರ್ಧ ಜನರಿಗೆ ಉಪ್ಪಗೆಯ ಸಾರ, ಉಳಿದವರಿಗೆ ಹುಸಿಗುಳಿಗೆ. ಎಲ್ಲರಿಗೂ ನಾರು ಹೆಚ್ಚಿರುವ, ಕ್ಯಾಲರಿ ಕಡಿಮೆಯಿರುವ ಆಹಾರ. ಉಪ್ಪಗೆಯವರು ಸರಾಸರಿ 3.2 ಕಿಲೋ ಇಳಿದರೆ ಹುಸಿಗುಳಿಗೆಯವರು 4.1 ಕಿಲೋ ಇಳಿದರು. ಗುಳಿಗೆಯಿಂದ ಯಾವ ಹೆಚ್ಚುವರಿ ಲಾಭವೂ ಕಾಣಲಿಲ್ಲ, ತೂಕ ಇಳಿಸಿದ್ದು ತಟ್ಟೆಯಲ್ಲಿದ್ದ ಆಹಾರ. ಮುಂದೆ ಇಂಥ ಗುಳಿಗೆಗಳನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾದವು. ಹುಳಿಗೆ ಎರಡು ಎಸಳು ಉಪ್ಪಗೆ ಹಾಕುವುದಕ್ಕೂ ಸಾಂದ್ರೀಕರಿಸಿದ ಸಾರವನ್ನು ದಿನಕ್ಕೆ ಮೂರು ಬಾರಿ ನುಂಗುವುದಕ್ಕೂ ಇರುವ ವ್ಯತ್ಯಾಸವನ್ನು ಮರೆಯಬಾರದು.

ಇಳಿಕೆಯ ವೇಗ

ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲರಿ ಶಕ್ತಿ ಸಂಗ್ರಹವಾಗಿರುತ್ತದೆ. ದಿನಕ್ಕೆ 500 ಕ್ಯಾಲರಿ ಕಡಿಮೆಯಾದರೆ ವಾರಕ್ಕೆ ಅರ್ಧ ಕಿಲೋಗೆ ಸಮೀಪ ಇಳಿಯಬೇಕೆಂಬುದು ಈ ಲೆಕ್ಕದಿಂದ ಹೊರಡುತ್ತದೆ. ವಾಸ್ತವದಲ್ಲಿ ತೂಕ ಇಳಿದಂತೆ ದೇಹದ ವ್ಯಯವೂ ತಗ್ಗುವುದರಿಂದ ಕೆಲವು ತಿಂಗಳ ಬಳಿಕ ಇಳಿಕೆ ನಿಧಾನವಾಗುತ್ತದೆ. ಮೊದಲ ವಾರದಲ್ಲಿ ಎರಡು ಕಿಲೋ ಇಳಿದರೆ ಅದರ ಬಹುಭಾಗ ನೀರು. 80 ಕಿಲೋ ತೂಕದವರು 4ರಿಂದ 8 ಕಿಲೋ, ಅಂದರೆ ಶೇಕಡಾ 5ರಿಂದ 10 ಇಳಿಸಿದರೂ ರಕ್ತದ ಸಕ್ಕರೆ, ರಕ್ತದೊತ್ತಡಗಳಲ್ಲಿ ಸುಧಾರಣೆ ಕಾಣುತ್ತದೆ. ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ, ಒಂದೇ ತಕ್ಕಡಿಯಲ್ಲಿ ತೂಗಿಕೊಳ್ಳುವುದು ಉತ್ತಮ.

ಎಚ್ಚರಿಕೆಗಳು

ಗರ್ಭಿಣಿಯರು, ಬಾಣಂತಿಯರು ಮತ್ತು ಬೆಳೆಯುವ ಮಕ್ಕಳು ವೈದ್ಯರ ಸಲಹೆಯಿಲ್ಲದೆ ಆಹಾರವನ್ನು ತಗ್ಗಿಸಬಾರದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮೊದಲಾದ ಮಾತ್ರೆಗಳನ್ನು ತೆಗೆದುಕೊಳ್ಳುವ ಮಧುಮೇಹಿಗಳು ಅನ್ನವನ್ನು ಹಠಾತ್ತನೆ ಅರ್ಧಕ್ಕೆ ಇಳಿಸಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು; ಔಷಧಿಯ ಪ್ರಮಾಣವನ್ನು ಮೊದಲು ಸರಿಪಡಿಸಿಕೊಳ್ಳಬೇಕು. ಬೆವರು, ನಡುಕ, ತಲೆಸುತ್ತು ಕಂಡರೆ ಆ ಹೊತ್ತಿಗೆ ಸಕ್ಕರೆ ನೀರು ಕುಡಿಯುವುದೇ ಸರಿ. ಅರವತ್ತು ದಾಟಿದವರಲ್ಲಿ ತೂಕದೊಂದಿಗೆ ಸ್ನಾಯುವೂ ಕರಗುವುದರಿಂದ ಬೇಳೆಕಾಳು, ಮೊಸರು, ಮೊಟ್ಟೆ, ಮೀನುಗಳನ್ನು ಕಡಿಮೆ ಮಾಡದೆ, ನಡಿಗೆಯ ಜೊತೆಗೆ ಮೆಟ್ಟಿಲು ಹತ್ತುವಂಥ ಶ್ರಮವನ್ನೂ ಇಟ್ಟುಕೊಳ್ಳಬೇಕು. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಬೇಳೆ, ಸೊಪ್ಪು, ಬಾಳೆದಿಂಡುಗಳ ಪ್ರಮಾಣವನ್ನು ವೈದ್ಯರೇ ಹೇಳಬೇಕು.

ಪ್ರಯತ್ನವಿಲ್ಲದೆ ತೂಕ ತಾನಾಗಿ ಇಳಿಯತೊಡಗಿದರೆ ಅದು ಸಂತೋಷಪಡುವ ಸಂಗತಿಯಲ್ಲ. ಮಧುಮೇಹ, ಕ್ಷಯ, ಥೈರಾಯ್ಡ್ ದೋಷ ಮೊದಲಾದವುಗಳಿಗಾಗಿ ಪರೀಕ್ಷೆ ಮಾಡಿಸಬೇಕು. ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದೆಂಬ ನಿಯಮ ಮಲೆನಾಡಿನ ಊಟದಲ್ಲಿ ಸುಲಭವಾಗಿ ಮುರಿಯುತ್ತದೆ, ಏಕೆಂದರೆ ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸು ಎಲ್ಲವೂ ಉಪ್ಪಿನಲ್ಲಿ ಉಳಿದವು. ಕ್ಯಾಲರಿಯ ಲೆಕ್ಕದಲ್ಲಿ ಒಂದು ಮಿಡಿ ಉಪ್ಪಿನಕಾಯಿ ಏನೂ ಅಲ್ಲದಿದ್ದರೂ ರಕ್ತದೊತ್ತಡವುಳ್ಳವರು ಅದನ್ನು ವಾರಕ್ಕೆ ಎರಡು ದಿನಕ್ಕೆ ಮಿತಗೊಳಿಸಿ, ಉಳಿದ ದಿನ ನಿಂಬೆರಸ, ಶುಂಠಿ, ಹಸಿಮೆಣಸಿನಿಂದ ಬಾಯಿರುಚಿ ಹೊಂದಿಸಿಕೊಳ್ಳುವುದು ಸೂಕ್ತ.